ಈಡಿಪಸ್ ಥಾಯ್ ಥಾಯ್: 50ಕ್ಕೆ 37, ಯಾಕೆ ಅಂದರೆ

ಮೊದಲು ಅಂಕ ಹೇಳಿಬಿಡುತ್ತೇವೆ. ಆಮ್‌ಸ್ಟರ್‌ಡ್ಯಾಮಿನ ಈಡಿಪಸ್ ಬ್ರೂವರಿಯ ಥಾಯ್ ಥಾಯ್ ಬಿಯರಿಗೆ 50ಕ್ಕೆ 37. ಇದೇ ಬಾಟಲಿಯನ್ನು ಫ್ರಿಡ್ಜಿನಿಂದ ತೆಗೆದ ಕೈಯಲ್ಲೇ ಮುಚ್ಚಳ ಕಿತ್ತು, ಸಿಕ್ಕಿದ ಲೋಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಖಾರದ ಕಡಲೆಬೀಜ ಇಟ್ಟುಕೊಂಡು ಕುಡಿದರೆ 28ರ ಮೇಲೆ ಹೋಗುವುದು ಕಷ್ಟ. ಬಿಯರ್ ಒಂದೇ, ಬಾಟಲಿ ಒಂದೇ. ಹೋದ ಒಂಬತ್ತು ಅಂಕ ಬಿಸಿಲು, ಲೋಟ, ಅಡುಗೆಮನೆಯ ಒಗ್ಗರಣೆ ವಾಸನೆ, ಅವಸರ ಇವುಗಳ ಪಾಲಾಗುತ್ತದೆ. ಮಸಾಲೆ ಮತ್ತು ಹಣ್ಣಿನ ಪರಿಮಳವೇ ಜೀವಾಳವಾಗಿರುವ ಬಿಯರಿಗೆ ಬೆಂಗಳೂರಿನಲ್ಲಿ ಕೂತು ನ್ಯಾಯವಾದ ಅಂಕ ಕೊಡಬೇಕೆಂದರೆ ಮೊದಲು ಈ ಒಂಬತ್ತು ಅಂಕ ಉಳಿಸಿಕೊಳ್ಳಬೇಕು.

ಈಡಿಪಸ್ 2011ರಲ್ಲಿ ಶುರುವಾದ ಬ್ರೂವರಿ. 2021ರಲ್ಲಿ ಹೈನೆಕೆನ್ ಇದರಲ್ಲಿ ಪಾಲು ತೆಗೆದುಕೊಂಡಿತು. ಥಾಯ್ ಥಾಯ್ ಮೂಲತಃ ಬೆಲ್ಜಿಯಂ ಮಾದರಿಯ ಟ್ರಿಪಲ್, ಅಂದರೆ ಹೊಂಬಣ್ಣದ ಗಟ್ಟಿ ಬಿಯರ್, ಆಲ್ಕೋಹಾಲ್ ಶೇ 8. ಅದಕ್ಕೆ ಕೊತ್ತಂಬರಿ ಬೀಜ, ಮಜ್ಜಿಗೆ ಹುಲ್ಲು, ದುಂಪರಾಸ್ಮೆ (ಗಲಾಂಗಲ್), ಕಿತ್ತಳೆ ಸಿಪ್ಪೆ, ಮೆಣಸಿನಕಾಯಿ ಬಿದ್ದಿದೆ. ಪಟ್ಟಿ ಓದಿದರೆ ಅರ್ಧ ಗಾಂಧಿಬಜಾರ್ ಕಣ್ಣೆದುರು ಬರುತ್ತದೆ. ಅಲ್ಲೇ ನಮ್ಮವರಿಗೆ ಒಂದು ಅನುಕೂಲವಿದೆ: ಯುರೋಪಿನವರು ತರಬೇತಿ ತೆಗೆದುಕೊಂಡು ಗುರುತಿಸುವ ಈ ವಾಸನೆಗಳಲ್ಲಿ ಹೆಚ್ಚಿನವು ನಮ್ಮ ಮೂಗಿಗೆ ಚಿಕ್ಕಂದಿನಿಂದ ಗೊತ್ತು.

ನೆದರ್‌ಲ್ಯಾಂಡ್ಸ್‌ನಲ್ಲಿ ಬಿಯರಿಗೆ ಸೊಪ್ಪು, ಮಸಾಲೆ ಹಾಕುವುದು ಹೊಸದೇನಲ್ಲ. ಬಿಯರಿಗೆ ನೀರು, ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು ಮಾತ್ರ ಎನ್ನುವ ಪಕ್ಕದ ಜರ್ಮನಿಯ ಶುದ್ಧತೆಯ ಕಾನೂನು ಅಲ್ಲಿನವರಿಗೆ ಅನ್ವಯಿಸಲಿಲ್ಲ. ಹಾರ್ಲೆಮ್‌ನ ಯೋಪನ್ ಬ್ರೂವರಿ ತನ್ನ ಕೊಯ್ಟ್ ಬಿಯರನ್ನು 1407ರ ಊರ ಪಾಕವಿಧಾನ ಆಧರಿಸಿ, ಗೇಲ್ ಎಂಬ ಸುಗಂಧದ ಗಿಡ ಹಾಕಿ ಮಾಡುತ್ತದೆ. 1985ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಗಾಳಿಗಿರಣಿಯ ಪಕ್ಕದ ಹಳೇ ಸ್ನಾನಗೃಹದಲ್ಲಿ ತೆರೆದ ಎಟ್ ಐ ಬ್ರೂವರಿಯ ಜಾಟ ಎಂಬ ಟ್ರಿಪಲ್ ಕೂಡ ಮಸಾಲೆ-ಹಣ್ಣಿನ ಘಮಕ್ಕೇ ಹೆಸರಾದದ್ದು. ಅದರಲ್ಲಿ ಘಮದ ದೊಡ್ಡ ಪಾಲು ಯೀಸ್ಟಿನ ಕೊಡುಗೆ. ಥಾಯ್ ಥಾಯ್‌ನಲ್ಲಿ ಯೀಸ್ಟೂ ಇದೆ, ಡಬ್ಬಿಯ ಮಸಾಲೆಯೂ ಇದೆ. ಎರಡನ್ನೂ ಬಿಡಿಸಿ ನೋಡಬಲ್ಲವರ ಅಂಕಕ್ಕೆ ಮಾತ್ರ ಬೆಲೆ, ಇದು ನಮ್ಮ ಖಚಿತ ಅಭಿಪ್ರಾಯ.

ಯೀಸ್ಟಿನ ಮಸಾಲೆ, ಡಬ್ಬಿಯ ಮಸಾಲೆ

ಟ್ರಿಪಲ್‌ಗೆ ಬಳಸುವ ಬೆಲ್ಜಿಯನ್ ಯೀಸ್ಟ್ ಮಾಲ್ಟಿನಲ್ಲಿ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಇರುವ ಫೆರುಲಿಕ್ ಆಮ್ಲವನ್ನು ಮುರಿದು 4-ವಿನೈಲ್ ಗ್ವಾಯಕಾಲ್ ಎಂಬ ಫಿನಾಲ್ ಮಾಡುತ್ತದೆ. ಇದರ ವಾಸನೆ ಥೇಟ್ ಲವಂಗ. ಮಾಮೂಲಿ ಲಾಗರ್ ಯೀಸ್ಟಿಗೆ ಈ ಶಕ್ತಿ ಇಲ್ಲ, ಹಾಗಾಗಿ ನಮ್ಮ ಸಾಮಾನ್ಯ ಬಿಯರುಗಳಲ್ಲಿ ಲವಂಗ ಸಿಗುವುದಿಲ್ಲ. ಅದೇ ಯೀಸ್ಟ್ ಹುದುಗುವಾಗ ಎಸ್ಟರುಗಳೆಂಬ ಹಣ್ಣಿನ ವಾಸನೆಯ ವಸ್ತುಗಳನ್ನೂ ಬಿಡುತ್ತದೆ: ಐಸೋಅಮೈಲ್ ಅಸಿಟೇಟ್ ಬಾಳೆಹಣ್ಣು, ಈಥೈಲ್ ಹೆಕ್ಸನೋಯೇಟ್ ಸೇಬು. ಹುದುಗುವ ತಾಪ ಏರಿದಷ್ಟೂ ಎಸ್ಟರ್ ಏರುತ್ತದೆ, ಮಿತಿ ಮೀರಿದರೆ ಈಥೈಲ್ ಅಸಿಟೇಟ್ ಮುಂದೆ ಬಂದು ನೇಲ್ ಪಾಲಿಶ್ ವಾಸನೆ ಹೊಡೆಯುತ್ತದೆ.

ಡಬ್ಬಿಯ ಮಸಾಲೆಯ ದಾರಿ ಬೇರೆ. ಕೊತ್ತಂಬರಿ ಬೀಜದ ಮುಖ್ಯ ಎಣ್ಣೆ ಲಿನಲೂಲ್, ಹೂವು ಮತ್ತು ಕಿತ್ತಳೆಯ ನಡುವಿನ ಪರಿಮಳ. ಮಜ್ಜಿಗೆ ಹುಲ್ಲಿನದು ಸಿಟ್ರಾಲ್. ಕಿತ್ತಳೆ ಸಿಪ್ಪೆಯದು ಲಿಮೋನೀನ್. ದುಂಪರಾಸ್ಮೆ ಶುಂಠಿಯ ನೆಂಟನಾದರೂ ಶುಂಠಿಯ ಹಾಗಲ್ಲ. ಅದರಲ್ಲಿ ಸಿನಿಯೋಲ್ ಇರುವುದರಿಂದ ನೀಲಗಿರಿ ಎಣ್ಣೆಯ ತಣ್ಣನೆಯ ಗಾಳಿ ಸೋಕುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೆ ವಾಸನೆಯೇ ಇಲ್ಲ. ಅದು ನಾಲಿಗೆಯ ರುಚಿಯೂ ಅಲ್ಲ, ಬಿಸಿ ತಾಗಿದಾಗ ಎಚ್ಚರಗೊಳ್ಳುವ ನರವನ್ನೇ ಅದು ಕೆರಳಿಸುತ್ತದೆ.

ಇದನ್ನೆಲ್ಲ ಓದಿದರೆ ಸಾಲದು, ಮೂಗಿಗೆ ಮೊದಲೇ ಪರಿಚಯ ಮಾಡಿಸಬೇಕು. ರುಚಿ ನೋಡುವ ಹಿಂದಿನ ದಿನ ಐದು ಸಣ್ಣ ಗಾಜಿನ ಲೋಟ ತೆಗೆದುಕೊಳ್ಳಿ. ಒಂದೊಂದಕ್ಕೂ 100 ಮಿಲಿ ಕಿಂಗ್‌ಫಿಷರ್ ಪ್ರೀಮಿಯಂನಂಥ ಸಾದಾ ಲಾಗರ್ ಹಾಕಿ. ಒಂದಕ್ಕೆ ಹುರಿಯದ ಕೊತ್ತಂಬರಿ ಬೀಜ ನಾಲ್ಕೈದು, ಚಮಚದ ಬೆನ್ನಲ್ಲಿ ಒಡೆದು. ಎರಡನೆಯದಕ್ಕೆ ಮಜ್ಜಿಗೆ ಹುಲ್ಲಿನ ಬುಡದ ಕಡೆಯ ಬೆರಳಗಲದ ತುಂಡು, ಜಜ್ಜಿ. ಮೂರನೆಯದಕ್ಕೆ ದುಂಪರಾಸ್ಮೆಯ ಒಂದು ತೆಳು ಬಿಲ್ಲೆ. ಹಸಿಯದು ಥಾಯ್ ತರಕಾರಿ ಇಡುವ ಸೂಪರ್ ಮಾರ್ಕೆಟ್‌ಗಳಲ್ಲಿ ಗಲಾಂಗಲ್ ಹೆಸರಲ್ಲಿ ಸಿಗುತ್ತದೆ, ಒಣಗಿದ್ದು ಗ್ರಂಧಿಗೆ ಅಂಗಡಿಯಲ್ಲಿ. ನಾಲ್ಕನೆಯದಕ್ಕೆ ಕಿತ್ತಳೆಯ ಹೊರಸಿಪ್ಪೆ ಉಗುರಿನಷ್ಟು, ಒಳಗಿನ ಬಿಳಿ ಪೂರ್ತಿ ಕೆರೆದು. ಐದನೆಯದಕ್ಕೆ ಲವಂಗ ಒಂದೇ ಒಂದು. ತಟ್ಟೆ ಮುಚ್ಚಿ 20 ನಿಮಿಷ ಫ್ರಿಡ್ಜಿನಲ್ಲಿಟ್ಟು, ಆಮೇಲೆ ಮೂಸಿ, ಒಂದು ಗುಟುಕು ಕುಡಿದು, ಉಳಿದದ್ದನ್ನು ಚೆಲ್ಲಿ. ಬಾಳೆಹಣ್ಣಿನ ಎಸ್ಟರಿಗೆ ತೊಗಟೆಯಲ್ಲಿ ಚುಕ್ಕೆ ಬಿದ್ದ ಪಚ್ಚಬಾಳೆ ಮೂಸಿದರೆ ಸಾಕು.

ಕೊತ್ತಂಬರಿ ಹುರಿಯಬೇಡಿ ಅನ್ನುವುದಕ್ಕೆ ಕಾರಣ ಇದೆ. ಹುರಿದ ಕೂಡಲೇ ಲಿನಲೂಲ್ ಹಿಂದೆ ಸರಿದು ಸಾರಿನಪುಡಿಯ ವಾಸನೆ ಎದ್ದು ನಿಲ್ಲುತ್ತದೆ, ಬಿಯರಿನಲ್ಲಿ ಇರುವುದು ಅದಲ್ಲ. ಹಳೇ ಬೀಜವೂ ಬೇಡ, ಅದು ಬಿಯರಿನಲ್ಲಿ ಬೇಯಿಸಿದ ತರಕಾರಿ ನೀರಿನ ವಾಸನೆ ಬಿಡುತ್ತದೆ.

ಇನ್ನೊಂದು ಸುಲಭದ ದಾರಿಯೂ ಇದೆ. ಹೂಗಾರ್ಡನ್ ನಮ್ಮೂರಿನ ಅಂಗಡಿಗಳಲ್ಲೇ ಸಿಗುತ್ತದೆ, ಕೊತ್ತಂಬರಿ ಮತ್ತು ಕಿತ್ತಳೆ ಸಿಪ್ಪೆ ಹಾಕಿದ ಗೋಧಿ ಬಿಯರ್. ಇಂದಿರಾನಗರದ ಟಾಯ್ಟ್ ಪಬ್ಬಿನ ವೈಸ್ ಎಂಬ ಗೋಧಿ ಬಿಯರಿನಲ್ಲಿ ಮಸಾಲೆ ಹಾಕಿರುವುದಿಲ್ಲ, ಲವಂಗ-ಬಾಳೆ ಎಲ್ಲ ಯೀಸ್ಟಿನದೇ. ಇವೆರಡನ್ನೂ ಗಮನವಿಟ್ಟು ಕುಡಿದವರಿಗೆ ಥಾಯ್ ಥಾಯ್‌ನಲ್ಲಿ ಯಾವುದು ಎಲ್ಲಿಂದ ಬಂತು ಎಂದು ಹೇಳುವುದು ಅರ್ಧ ಸುಲಭವಾಗುತ್ತದೆ.

ಬಾಟಲಿ ಬೆಂಗಳೂರಿಗೆ ಬರುವಾಗ

ಇಂಥ ಬಾಟಲಿಗಳು ಸಾಮಾನ್ಯವಾಗಿ ಯಾರದೋ ಸೂಟ್‌ಕೇಸಿನಲ್ಲಿ ಬರುತ್ತವೆ. ವಿದೇಶದಿಂದ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್ ಮದ್ಯ. 33 ಸೆಂಟಿಲೀಟರಿನ ಆರು ಬಾಟಲಿ 1.98 ಲೀಟರ್, ಏಳನೆಯದು ಮಿತಿ ದಾಟಿಸುತ್ತದೆ. ಅದೇ 2 ಲೀಟರಿನೊಳಗೆ ವಿಸ್ಕಿ, ವೈನ್ ಎಲ್ಲ ಸೇರಿದ ಲೆಕ್ಕ ಎನ್ನುವುದನ್ನು ತರುವವರಿಗೆ ಮೊದಲೇ ಹೇಳಿ. ಬಿಯರನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು. ಒಂದೊಂದು ಬಾಟಲಿಗೂ ಕಾಲುಚೀಲ ತೊಡಿಸಿ, ಜಿಪ್ ಕವರಿನಲ್ಲಿ ಮುಚ್ಚಿ, ಬಟ್ಟೆಯ ನಡುವೆ ಬರುವಂತೆ ಇಟ್ಟರೆ ಒಡೆಯುವುದು ಅಪರೂಪ. ಒಡೆಯುವುದೇ ಹೆಚ್ಚಾಗಿ ಬಾಟಲಿಗೆ ಬಾಟಲಿ ತಾಗಿ.

ಕೊಳ್ಳುವಾಗ ನೋಡಬೇಕಾದದ್ದು ಲೇಬಲ್ಲಿನ ಮೇಲಿನ ಟಿಎಚ್‌ಟಿ ದಿನಾಂಕ. ಇಷ್ಟರೊಳಗೆ ಕುಡಿದರೆ ಒಳ್ಳೆಯದು ಎನ್ನುವ ದಿನಾಂಕ ಅದು, ದಿನ-ತಿಂಗಳು-ವರ್ಷ ಕ್ರಮದಲ್ಲಿ ಇರುತ್ತದೆ. ಶೇ 8ರ ಸಾದಾ ಟ್ರಿಪಲ್ ಆದರೆ ವರ್ಷವಿಟ್ಟರೂ ಅಡ್ಡಿಯಿಲ್ಲ. ಮಸಾಲೆ ಹಾಕಿದ್ದಕ್ಕೆ ಆ ಧೈರ್ಯ ಬೇಡ. ಸಿಟ್ರಾಲ್ ಬಹಳ ನಾಜೂಕಿನದು, ಬಿಯರಿನ ಹುಳಿಯಲ್ಲಿ ತಾನಾಗಿಯೇ ಕರಗುತ್ತ ಹೋಗುತ್ತದೆ. ಹಾಗಾಗಿ ಮಜ್ಜಿಗೆ ಹುಲ್ಲು ಮೊದಲು ಮಾಯವಾಗುತ್ತದೆ, ಆಮೇಲೆ ಕಿತ್ತಳೆ. ಖಾರ ಕೊನೆಯವರೆಗೂ ಹಾಗೇ ಕೂತಿರುತ್ತದೆ. ವರ್ಷ ಕಳೆದ ಬಾಟಲಿಯಲ್ಲಿ ಖಾರ ಜಾಸ್ತಿ ಅನ್ನಿಸುವುದಕ್ಕೆ ಇದೇ ಕಾರಣ: ಖಾರ ಏರಿಲ್ಲ, ಅದನ್ನು ಹಿಡಿದಿಟ್ಟ ಪರಿಮಳ ಇಳಿದಿದೆ.

ಮನೆಗೆ ಬಂದ ಕೂಡಲೇ ಫ್ರಿಡ್ಜಿನಲ್ಲಿ ನಿಲ್ಲಿಸಿ, ಮಲಗಿಸಬೇಡಿ. ಮಾರ್ಚ್-ಏಪ್ರಿಲ್ ಬೆಂಗಳೂರಿನಲ್ಲಿ ಪಶ್ಚಿಮದ ಗೋಡೆಗೆ ತಾಗಿದ ಬೀರು ಸಂಜೆ ಹೊತ್ತಿಗೆ 30 ಡಿಗ್ರಿ ಮುಟ್ಟುತ್ತದೆ, ಅಲ್ಲಿ ಎರಡು ವಾರ ಇಟ್ಟ ಬಿಯರಿನಲ್ಲಿ ನೆನೆದ ರಟ್ಟಿನ ವಾಸನೆ ಶುರುವಾಗುವುದರಲ್ಲಿ ಆಶ್ಚರ್ಯವಿಲ್ಲ. ಫ್ರಿಡ್ಜಿನ ಬಾಗಿಲಿನ ಕಪಾಟಿಗಿಂತ ಒಳಗಿನ ಮೂಲೆ ಒಳ್ಳೆಯದು, ಬಾಗಿಲು ತೆರೆದು ಮುಚ್ಚುವಾಗೆಲ್ಲ ಕುಲುಕುವುದಿಲ್ಲ. ಪ್ರಯಾಣದಲ್ಲಿ ಕದಡಿದ ತಳದ ಯೀಸ್ಟ್ ಪೂರ್ತಿ ಕೂರುವುದಕ್ಕೆ ಕನಿಷ್ಠ ಎರಡು ದಿನ ಬೇಕು.

ಕೋಣೆ, ಗಾಜು, ತಾಪ

ಒಗ್ಗರಣೆ ಹಾಕುವ ಹೊತ್ತಿಗೆ ರುಚಿ ನೋಡಲು ಕೂರಬೇಡಿ. ಇಂಗು, ಬೆಳ್ಳುಳ್ಳಿ, ಹಪ್ಪಳ ಕರಿದ ಎಣ್ಣೆ ಇವುಗಳ ಮುಂದೆ ಲಿನಲೂಲ್ ನಿಲ್ಲುವುದಿಲ್ಲ. ಊದುಬತ್ತಿಯೂ ಅಷ್ಟೇ. ಒಂದು ಗಂಟೆ ಮೊದಲಿನಿಂದ ಕಾಫಿ, ಏಲಕ್ಕಿ, ಅಡಿಕೆ ಬೇಡ. ಬಾಯಿ ತೊಳೆಯಲು ತಣ್ಣಗಿಲ್ಲದ ನೀರು, ಜೊತೆಗೆ ಎಣ್ಣೆ-ಖಾರ ಹಾಕದ ಸಾದಾ ಮಂಡಕ್ಕಿ. ಮಂಡಕ್ಕಿಗೆ ತನ್ನದೇ ರುಚಿ ಬಹಳ ಕಡಿಮೆ, ನಾಲಿಗೆಯ ಮೇಲಿನ ಎಣ್ಣೆಯಂಶ ಎಳೆದುಕೊಳ್ಳುತ್ತದೆ. ಬ್ರೆಡ್ಡಿಗಿಂತ ನಮಗೆ ಇದೇ ಸರಿ.

ಗಾಜು ಟ್ಯುಲಿಪ್ ಆಕಾರದ್ದಾದರೆ ಒಳ್ಳೆಯದು, ಇಲ್ಲದಿದ್ದರೆ ಬಾಯಿ ಸ್ವಲ್ಪ ಕಿರಿದಾದ ದೊಡ್ಡ ವೈನ್ ಗ್ಲಾಸ್. ಉದ್ದನೆಯ ನೇರ ಗ್ಲಾಸಿನಲ್ಲಿ ಪರಿಮಳ ನಿಲ್ಲುವುದಿಲ್ಲ. ಕಪಾಟಿನಲ್ಲಿ ಪೇಪರ್ ಹಾಸಿ ಕವುಚಿಟ್ಟ ಗ್ಲಾಸಿಗೆ ಆ ಪೇಪರಿನ ವಾಸನೆ ಹಿಡಿದಿರುತ್ತದೆ, ಮೂಸಿ ನೋಡಿ. ಪಾತ್ರೆ ತೊಳೆಯುವ ಸ್ಕ್ರಬ್ಬರ್ ಬೇಡ, ಅದರಲ್ಲಿ ಎಣ್ಣೆ ಇರುತ್ತದೆ. ಅಡುಗೆ ಸೋಡ ಒಂದು ಚಮಚ ಹಾಕಿ ಬೆರಳಿನಿಂದಲೇ ಉಜ್ಜಿ, ಧಾರಾಳ ನೀರಲ್ಲಿ ತೊಳೆದು, ಬಟ್ಟೆ ತಾಗಿಸದೆ ಗಾಳಿಗೆ ಒಣಗಿಸಿ. ಸ್ವಚ್ಛವಾಗಿದೆಯೋ ಇಲ್ಲವೋ ತಿಳಿಯಲು ಒದ್ದೆ ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ನೀರು ಒಂದೇ ಪದರವಾಗಿ ಇಳಿದರೆ ಸರಿ, ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಬಿಯರ್ ಹಾಕಿದ ಮೇಲೆ ಗಾಜಿನ ಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತರೂ ಅದೇ ಅರ್ಥ.

ತಾಪದ ಮಾತು ಸ್ವಲ್ಪ ಉದ್ದ ಆಗುತ್ತದೆ, ಯಾಕೆಂದರೆ ಹೆಚ್ಚು ಅಂಕ ಹೋಗುವುದು ಇಲ್ಲೇ. 4 ಡಿಗ್ರಿಯಲ್ಲಿ ಎಸ್ಟರುಗಳಾಗಲಿ ಫಿನಾಲ್‌ಗಳಾಗಲಿ ಮೇಲೇಳುವುದೇ ಇಲ್ಲ. ತಣ್ಣಗಿದ್ದರೆ ಸಿಹಿ ತಗ್ಗುತ್ತದೆ, ಕಹಿ ಚುರುಕಾಗುತ್ತದೆ, ಮೆಣಸಿನಕಾಯಿಯ ಖಾರವೂ ಅಡಗಿಕೊಳ್ಳುತ್ತದೆ. ಆಗ ಈ ಬಿಯರ್ ಬರೀ ಕಹಿ ಹುಲ್ಲಿನ ನೀರು. ಸೆಕೆ ಎಂದು ಫ್ರೀಜರಿನಲ್ಲಿಟ್ಟ ಗ್ಲಾಸು ಬಳಸಿದರೆ ಇನ್ನೂ ಕೆಟ್ಟದು, ಗೋಡೆಯ ಹಿಮ ಕರಗಿ ಬಿಯರನ್ನು ತೆಳ್ಳಗೆ ಮಾಡುತ್ತದೆ. 16 ಡಿಗ್ರಿ ದಾಟಿದರೆ ಇನ್ನೊಂದು ತುದಿ: ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಸಿಹಿ ಜಿಗುಟಾಗುತ್ತದೆ. ಬೇಕಿರುವುದು 8ರಿಂದ 12 ಡಿಗ್ರಿ. 26 ಡಿಗ್ರಿಯ ಕೋಣೆಯಲ್ಲಿ 33 ಸೆಂಟಿಲೀಟರಿನ ಬಾಟಲಿ 4ರಿಂದ 8 ಡಿಗ್ರಿಗೆ ಬರಲು ಸುಮಾರು 15 ನಿಮಿಷ, 12ಕ್ಕೆ ಬರಲು ಸುಮಾರು ಅರ್ಧ ಗಂಟೆ. ಗ್ಲಾಸಿಗೆ ಸುರಿದ ಮೇಲೆ ಏರಿಕೆ ಬೇಗ. ಹಾಗಾಗಿ 15 ನಿಮಿಷಕ್ಕೆ ತೆರೆದು, 8 ಡಿಗ್ರಿಯಲ್ಲಿ ಮೊದಲ ಟಿಪ್ಪಣಿ ಬರೆದು, ಗ್ಲಾಸನ್ನು ಅಂಗೈಯಲ್ಲಿ ಹಿಡಿದು 12ರ ಹತ್ತಿರ ಬಂದಾಗ ಎರಡನೆಯದು ಬರೆಯಿರಿ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಊಹೆ ಬೇಕಿಲ್ಲ.

ಸುರಿಯುವಾಗ ಬೆಂಗಳೂರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ನಾವು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದ್ದೇವೆ, ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ. ಆಮ್‌ಸ್ಟರ್‌ಡ್ಯಾಮಿನ ಮಟ್ಟಕ್ಕೆ ಹೊಂದಿಸಿ ಗ್ಯಾಸ್ ತುಂಬಿದ ಬಾಟಲಿ ಇಲ್ಲಿ ಅಷ್ಟು ಹೆಚ್ಚು ನೊರೆ ಉಕ್ಕಿಸುತ್ತದೆ. ಟ್ರಿಪಲ್‌ನಲ್ಲಿ ಮೊದಲೇ ಗ್ಯಾಸ್ ಜಾಸ್ತಿ. ಗ್ಲಾಸನ್ನು 45 ಡಿಗ್ರಿ ವಾಲಿಸಿ ನಿಧಾನವಾಗಿ ಸುರಿದು, ಮುಕ್ಕಾಲು ತುಂಬಿದಾಗ ನೇರ ಮಾಡಿ, ಎರಡು ಬೆರಳು ನೊರೆ ಬರಿಸಿ. ಇಬ್ಬರಿಗೆ ಒಂದು ಬಾಟಲಿ ಸರಿಯಾದ ಅಳತೆ: ತಲಾ 150 ಮಿಲಿ, ತಳದಲ್ಲಿ ಯೀಸ್ಟಿನ ಜೊತೆ 30 ಮಿಲಿ ಉಳಿಯುತ್ತದೆ. ಆ ಉಳಿದದ್ದನ್ನು ಈಗಲೇ ಸೇರಿಸಬೇಡಿ.

ಅಂಕ ಕೊಡುವುದು

ನಾವು ಬಳಸುವುದು ಬಿಜೆಸಿಪಿ ಎಂಬ ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆಯ 50 ಅಂಕದ ಹಾಳೆ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿನ ಮೈಕಟ್ಟಿಗೆ 5, ಒಟ್ಟಾರೆಗೆ 10. ಮೊಬೈಲ್ ಆ್ಯಪಿನ ಐದು ನಕ್ಷತ್ರಕ್ಕಿಂತ ಇದು ಎಷ್ಟೋ ಮೇಲು, ಅಂಕ ಎಲ್ಲಿ ಹೋಯಿತು ಎಂದು ಹಾಳೆಯೇ ಹೇಳುತ್ತದೆ. ಮಸಾಲೆ ಬಿಯರಿಗೆ ಅವರ ನಿಯಮ ಸರಳ: ಮೊದಲು ಮಸಾಲೆ ಹಾಕಿದ ಮೂಲ ಬಿಯರ್ ಯಾವುದೆಂದು ಗೊತ್ತಿರಬೇಕು, ಮಸಾಲೆ ಅದರ ಜೊತೆ ಹೊಂದಬೇಕು, ಅದನ್ನು ನುಂಗಬಾರದು. ಇಲ್ಲಿ ಮೂಲ ಟ್ರಿಪಲ್ ಆದ್ದರಿಂದ ಅದರ ಅಳತೆಗೋಲೂ ನೆನಪಿರಲಿ: ಆಲ್ಕೋಹಾಲ್ ಶೇ 7.5ರಿಂದ 9.5, ಕಹಿ 20ರಿಂದ 40 ಐಬಿಯು (ಬಿಯರಿನ ಕಹಿ ಅಳೆಯುವ ಮಾನ), ಬಣ್ಣ ಹೊಂಬಣ್ಣ, ಮುಗಿಯುವಾಗ ಸಿಹಿ ಉಳಿಯದೆ ಒಣಗಬೇಕು.

ಸುರಿದ ಕೂಡಲೇ ಮೊದಲು ಮೂಗು, ಆಮೇಲೆ ಕಣ್ಣು. ಹಗುರವಾದ ಎಣ್ಣೆಗಳು ಮೊದಲ ನಿಮಿಷದಲ್ಲೇ ಹಾರಿಹೋಗುತ್ತವೆ. ಎರಡು ಚಿಕ್ಕ ಉಸಿರು ಎಳೆದು, ನಿಲ್ಲಿಸಿ, ನಿಮ್ಮದೇ ಅಂಗಿಯ ತೋಳು ಮೂಸಿ ಮೂಗನ್ನು ಖಾಲಿ ಮಾಡಿ, ಮತ್ತೆ ಎರಡು ಉಸಿರು. ಉದ್ದಕ್ಕೆ ಎಳೆಯುತ್ತ ಹೋದರೆ ಮೂಗು ಒಗ್ಗಿಹೋಗಿ ಏನೂ ಸಿಗದಂತಾಗುತ್ತದೆ. ಥಾಯ್ ಥಾಯ್‌ನಲ್ಲಿ 8 ಡಿಗ್ರಿಗೆ ಮೊದಲು ಬರುವುದು ಕಿತ್ತಳೆ ಸಿಪ್ಪೆ ಮತ್ತು ಕೊತ್ತಂಬರಿ, ಬೀಜವನ್ನು ಬೆರಳುಗಳ ನಡುವೆ ಒಡೆದಾಗ ಬರುವ ಹಸಿ ಘಮ. ಅದರ ಬೆನ್ನಿಗೇ ಮಜ್ಜಿಗೆ ಹುಲ್ಲು. ಗ್ಲಾಸಿನ ಬಾಯಿಗೆ ಅರ್ಧ ನಿಮಿಷ ಅಂಗೈ ಮುಚ್ಚಿ ತೆಗೆದರೆ ದುಂಪರಾಸ್ಮೆಯ ನೀಲಗಿರಿಯಂಥ ತಣುಪು ಒಂದು ಸಲ ಹಾದುಹೋಗುತ್ತದೆ, ಎರಡನೇ ಸಲ ಸಿಗುವುದು ಕಷ್ಟ. ಲವಂಗ ಮತ್ತು ಮಾಗಿದ ಹಣ್ಣು ಬರುವುದು 11-12 ಡಿಗ್ರಿಗೆ, ಅದೂ ಮೆಲ್ಲಗೆ. ಒಳ್ಳೆಯ ಟ್ರಿಪಲ್‌ನಲ್ಲಿ ಯೀಸ್ಟಿನ ಈ ದನಿ ಮುಂದೆ ಇರಬೇಕಿತ್ತು, ಇಲ್ಲಿ ಕೊತ್ತಂಬರಿ ಅದರ ಮೇಲೆ ಕೂತಿದೆ. ಪರಿಮಳಕ್ಕೆ 12ಕ್ಕೆ 9.

ನೋಟಕ್ಕೆ 3ಕ್ಕೆ 2. ಹೊಂಬಣ್ಣಕ್ಕೆ ಕಿತ್ತಳೆಯ ಛಾಯೆ, ಮಬ್ಬು. ನೊರೆ ದಟ್ಟವಾಗಿ ಏಳುತ್ತದೆ, ಆದರೆ ಬೇಗ ಕುಸಿದು ಅಂಚಿನಲ್ಲಿ ಬಳೆಯಾಗುತ್ತದೆ. ಸಿಪ್ಪೆ ಮತ್ತು ಬೀಜಗಳ ಎಣ್ಣೆ ನೊರೆಗೆ ಹಗೆ, ಆ ಒಂದು ಅಂಕ ಅಲ್ಲೇ ಹೋಯಿತು.

ರುಚಿಗೆ ಬಂದಾಗ ಮೊದಲ ಗುಟುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಅದು ನಾಲಿಗೆಗೆ ಒಗ್ಗಲಿಕ್ಕೆ. ಎರಡನೆಯದನ್ನು ಬಾಯಲ್ಲಿ ಎರಡು ಮೂರು ಸೆಕೆಂಡ್ ಇಟ್ಟು, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಹಣ್ಣು ನಿಜವಾಗಿ ತಿಳಿಯುವುದು ಆ ಹಿಂಬದಿಯ ಉಸಿರಿನಲ್ಲಿ. ಖಾರದ ಅಂದಾಜು ಮೂರನೇ ಗುಟುಕಿನ ನಂತರ, ಅದು ಒಂದರ ಮೇಲೊಂದು ಕೂಡುತ್ತ ಹೋಗುತ್ತದೆ. ಇಲ್ಲಿ ಮಾಲ್ಟಿನ ಜೇನಿನಂಥ ಸಿಹಿ ಮೊದಲು, ನಡುವೆ ಕಿತ್ತಳೆ-ಮಜ್ಜಿಗೆ ಹುಲ್ಲು, ಕೊನೆಯಲ್ಲಿ ಗಂಟಲ ಹಿಂದೆ ಸಣ್ಣ ಖಾರ. ನಮ್ಮ ಬ್ಯಾಡಗಿ-ಗುಂಟೂರಿನ ನಾಲಿಗೆಗೆ ಈ ಖಾರ ಏನೇನೂ ಅಲ್ಲ, ಆದರೆ ಅಳತೆ ಸರಿಯಾಗಿದೆ. ಇದಕ್ಕಿಂತ ಹೆಚ್ಚಿದ್ದರೆ ಬಾಟಲಿ ಮುಗಿಸಲು ಆಗುತ್ತಿರಲಿಲ್ಲ. ಅಂಕ ಕಡಿತವಾದದ್ದು ಬೇರೆ ಕಡೆ. ಟ್ರಿಪಲ್ ಒಣಗಿ ಮುಗಿಯಬೇಕು, ಅದಕ್ಕೆಂದೇ ಬ್ರೂವರ್‌ಗಳು ಮಾಲ್ಟಿನ ಜೊತೆ ಸಕ್ಕರೆ ಸೇರಿಸುತ್ತಾರೆ, ಸಕ್ಕರೆ ಪೂರ್ತಿ ಹುದುಗಿ ಆಲ್ಕೋಹಾಲ್ ಆಗುತ್ತದೆ, ಮೈ ಹಗುರವಾಗುತ್ತದೆ. ಇಲ್ಲಿ 12 ಡಿಗ್ರಿಗೆ ಬರುವಾಗ ತುದಿಯಲ್ಲಿ ಸಿಹಿ ತಂಗುತ್ತದೆ, ಅದನ್ನು ಎತ್ತಿ ಹಿಡಿಯುವಷ್ಟು ಹಾಪ್ಸ್ ಕಹಿ ಇಲ್ಲ. 20ಕ್ಕೆ 15.

ಗಂಟಲಿನ ಬಿಸಿ ಮೆಣಸಿನಕಾಯಿಯದೋ ಆಲ್ಕೋಹಾಲಿನದೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ, ಇಬ್ಬರೂ ತಟ್ಟುವುದು ಒಂದೇ ನರದ ಬಾಗಿಲನ್ನು. ಬೇರ್ಪಡಿಸುವ ಉಪಾಯ ಇದು: ನುಂಗಿ ಒಂದು ನಿಮಿಷ ಸುಮ್ಮನಿರಿ. ಆಲ್ಕೋಹಾಲಿನ ಬಿಸಿ ಎದೆಗಿಳಿದು ಬೇಗ ಆರುತ್ತದೆ. ಕ್ಯಾಪ್ಸೈಸಿನ್ ತುಟಿಯಂಚು ಮತ್ತು ಗಂಟಲಲ್ಲಿ ಉಳಿಯುತ್ತದೆ, ನೀರು ಕುಡಿದರೂ ಹೋಗುವುದಿಲ್ಲ, ಅದು ನೀರಿಗೆ ಕರಗುವ ವಸ್ತುವಲ್ಲ. ಥಾಯ್ ಥಾಯ್‌ನಲ್ಲಿ ನಿಮಿಷದ ನಂತರವೂ ಉಳಿಯುವುದರಿಂದ ಅದು ಮೆಣಸಿನಕಾಯಿ, ಶೇ 8 ಆಲ್ಕೋಹಾಲ್ ಚೆನ್ನಾಗಿ ಮರೆಯಾಗಿದೆ. ಅದು ಬ್ರೂವರ್‌ಗಳ ಕೈಚಳಕ. ಮೈಕಟ್ಟಿಗೆ 5ಕ್ಕೆ 4.

ಈಗ ತಳದ 30 ಮಿಲಿ. ಗ್ಲಾಸಿನಲ್ಲಿ ಸ್ವಲ್ಪ ಉಳಿದಿರುವಾಗಲೇ ಬಾಟಲಿ ತಿರುಗಿಸಿ ಯೀಸ್ಟನ್ನು ಸೇರಿಸಿ. ಬಿಯರ್ ದಪ್ಪವಾಗುತ್ತದೆ, ಬ್ರೆಡ್ಡಿನ ಹಿಟ್ಟಿನ ವಾಸನೆ ಏಳುತ್ತದೆ, ಮಸಾಲೆಯ ಅಂಚು ಮೊಂಡಾಗುತ್ತದೆ. ಗೋಧಿ ಬಿಯರಿನಲ್ಲಿ ಇದು ಚೆಂದ. ಇದರಲ್ಲಿ ನಮಗೆ ಯೀಸ್ಟಿಲ್ಲದ ಗ್ಲಾಸೇ ಹಿಡಿಸಿತು. ಒಟ್ಟಾರೆಗೆ 10ಕ್ಕೆ 7. ಕೂಡಿದರೆ 37, ಬಿಜೆಸಿಪಿಯ ಲೆಕ್ಕದಲ್ಲಿ 'ತುಂಬಾ ಚೆನ್ನ' ಎನ್ನುವ ವರ್ಗದ ಮೇಲ್ತುದಿ, 'ಅತ್ಯುತ್ತಮ'ಕ್ಕೆ ಒಂದೇ ಅಂಕ ಕಡಿಮೆ. ಯೀಸ್ಟಿನ ಹಣ್ಣು ಇನ್ನೊಂದು ಮೆಟ್ಟಿಲು ಮುಂದೆ ಬಂದಿದ್ದರೆ ಆ ಅಂಕ ಸಂತೋಷವಾಗಿ ಕೊಡುತ್ತಿದ್ದೆವು.

ಎಡವಟ್ಟಾದ ಬಾಟಲಿ

ನೆನೆದ ರಟ್ಟಿನ ಅಥವಾ ಹಳೇ ಪೇಪರಿನ ವಾಸನೆ ಬಂದರೆ ಆಮ್ಲಜನಕ ಮತ್ತು ಸೆಕೆಯ ಹೊಡೆತ. ಜೇನಿನ ಸಿಹಿ ಮಿತಿಮೀರಿದ್ದರೂ ಅದೇ ದಾರಿಯಲ್ಲಿದೆ. ಬೆಣ್ಣೆಯ ಜಿಡ್ಡು ನಾಲಿಗೆ ಮೇಲೆ ಹರಡಿದರೆ ಡೈಅಸಿಟೈಲ್, ಹುದುಗು ಅರ್ಧಕ್ಕೆ ನಿಂತಿದೆ ಅಥವಾ ಸೋಂಕು ತಗಲಿದೆ. ಆಸ್ಪತ್ರೆಯ ಅಥವಾ ಬ್ಯಾಂಡೇಜಿನ ವಾಸನೆಯನ್ನು ಲವಂಗದ ಫಿನಾಲ್ ಎಂದು ತಪ್ಪಾಗಿ ಮೆಚ್ಚಬೇಡಿ, ಅದು ಕ್ಲೋರೋಫಿನಾಲ್, ದೋಷ. ಬಿಸಿಲಿಗೋ ಅಂಗಡಿಯ ಬೆಳಕಿಗೋ ಇಟ್ಟ ಬಾಟಲಿಯಲ್ಲಿ ಹಾಪ್ಸಿನ ಅಂಶ ಒಡೆದು ಸುಟ್ಟ ರಬ್ಬರಿನಂಥ ನಾತ ಬರುತ್ತದೆ. ಕಂದು ಗಾಜು ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಕಾರಂಜಿಯಂತೆ ಉಕ್ಕಿದರೆ, ಬಿಯರ್ ಸಾಕಷ್ಟು ತಣ್ಣಗಿತ್ತೇ ಎಂದು ಮೊದಲು ಕೇಳಿಕೊಳ್ಳಿ. ತಣ್ಣಗಿದ್ದೂ ಉಕ್ಕಿ, ಜೊತೆಗೆ ಹುಳಿಯೂ ಇದ್ದರೆ ಸೋಂಕು. ಇಂಥ ಬಾಟಲಿಗೆ ಅಂಕ ಬರೆಯುವುದು ಬಿಯರಿಗೆ ಅನ್ಯಾಯ, ದೋಷ ಮಾತ್ರ ಬರೆದು ಬಿಡಿ.

ಜೊತೆಗೆ ಏನು ತಿನ್ನಬಹುದು? ಅಂಕ ಬರೆದು ಮುಗಿಸಿದ ಮೇಲೆ ಮಾತ್ರ ತಿನ್ನಿ. ಮೆಣಸಿನಕಾಯಿ ಬಿಯರಿಗೆ ಘೀ ರೋಸ್ಟ್, ಪೆಪ್ಪರ್ ಡ್ರೈ ಬೇಡವೇ ಬೇಡ, ಖಾರಕ್ಕೆ ಖಾರ ಸೇರಿ ಹಣ್ಣೆಲ್ಲ ಸತ್ತುಹೋಗುತ್ತದೆ. ನೀರುದೋಸೆಗೆ ಬೆಲ್ಲ-ತೆಂಗಿನಕಾಯಿ, ಹೆಸರುಬೇಳೆ ಕೋಸಂಬರಿ, ಹೆಚ್ಚು ಖಾರವಿಲ್ಲದ ತೆಂಗಿನಹಾಲಿನ ಕೋಳಿ ಸಾರು ಇವು ಹೊಂದುತ್ತವೆ, ತೆಂಗಿನ ಕೊಬ್ಬು ಕ್ಯಾಪ್ಸೈಸಿನ್ ಅನ್ನು ಎಳೆದುಕೊಂಡು ಪರಿಮಳಕ್ಕೆ ಜಾಗ ಬಿಡುತ್ತದೆ. ಈಡಿಪಸ್‌ನದೇ ಇನ್ನೊಂದು ಬಿಯರ್ ಮಾನನ್‌ಲೀಫ್ಡ ಸಿಕ್ಕರೆ ಕರಾವಳಿಯವರು ಬಿಡಬಾರದು. ಶೇ 6ರ ಸೇಸನ್ (ಬೆಲ್ಜಿಯಂನ ಹಳ್ಳಿ ಮಾದರಿಯ ಬಿಯರ್), ಮಜ್ಜಿಗೆ ಹುಲ್ಲಿನ ಜೊತೆ ಸಿಚುವಾನ್ ಮೆಣಸು ಹಾಕಿದ್ದು. ಆ ಮೆಣಸು ನಮ್ಮ ಜುಮ್ಮನಕಾಯಿಯ ಕುಲದ್ದೇ, ತುಟಿ ಜುಮ್ಮೆನ್ನಿಸುವ ಗುಣವೂ ಅದೇ. ಜುಮ್ಮನಕಾಯಿ ಹಾಕಿದ ಬಂಗುಡೆ ಸಾರಿನ ಪಕ್ಕದಲ್ಲಿ ಇಟ್ಟು ನೋಡಬೇಕಾದ ಬಿಯರ್ ಅದು.

ಪ್ರಮಾಣದ ಬಗ್ಗೆ ಒಂದು ಮಾತು. 33 ಸೆಂಟಿಲೀಟರ್, ಶೇ 8 ಅಂದರೆ 26 ಮಿಲಿ ಶುದ್ಧ ಆಲ್ಕೋಹಾಲ್. ನಮ್ಮ 650 ಮಿಲಿಯ ಶೇ 5ರ ದೊಡ್ಡ ಬಾಟಲಿಯಲ್ಲಿ ಇರುವುದು 32 ಮಿಲಿ ಚಿಲ್ಲರೆ. ಪುಟ್ಟ ಬಾಟಲಿ ನೋಡಿ ಹಗುರವಾಗಿ ತೆಗೆದುಕೊಳ್ಳಬೇಡಿ. ಕಾನೂನಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಒಬ್ಬರೇ ಇಡೀ ಬಾಟಲಿ ಮುಗಿಸಿದರೆ ಅದನ್ನು ದಾಟುವುದು ಸುಲಭ. ಗಾಡಿ ಮನೆಯಲ್ಲೇ ಇರಲಿ, ಮೆಟ್ರೋ ಇದೆ, ಆಟೋ ಇದೆ.

ಎರಡು ಬಾಟಲಿ ತರಿಸಿದ್ದರೆ ಎರಡನೆಯದನ್ನು ಟಿಎಚ್‌ಟಿ ದಿನಾಂಕದೊಳಗೇ, ಬೇರೆ ದಿನ, ಮೊದಲ ಹಾಳೆ ನೋಡದೆ ಅಳೆಯಿರಿ. ಎರಡೂ ಹಾಳೆಯ ನಡುವೆ ಮೂರು ನಾಲ್ಕು ಅಂಕದ ಅಂತರ ಸಹಜ. ಅದಕ್ಕಿಂತ ಹೆಚ್ಚು ಬಂದರೆ ಮೊದಲು ತಾಪ ಹೋಲಿಸಿ, ಆಮೇಲೆ ಗ್ಲಾಸು, ಆಮೇಲೆ ಆ ದಿನ ಮನೆಯಲ್ಲಿ ಏನು ಒಗ್ಗರಣೆ ಬಿದ್ದಿತ್ತು ಎಂದು ಕೇಳಿ.